ಸುಳ್ಳು ದಾವೆಗೆ ಮೊದಲ ಬಾಗಿಲು: ನಾಡಿನ ವಕೀಲರಿಗೆ ಒಂದು ಬಹಿರಂಗ ಪತ್ರ

ಮಾನ್ಯ ವಕೀಲ ಬಂಧುಗಳೇ,

ತಾಲೂಕು ಕೇಂದ್ರದ ಸಿವಿಲ್ ನ್ಯಾಯಾಲಯದಿಂದ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನವರೆಗೆ ದಿನವೂ ಕರಿಕೋಟು ತೊಟ್ಟು ಜನರ ಪರವಾಗಿ ನಿಲ್ಲುವ ನಿಮಗೆ ಈ ಪತ್ರ. ಸುಳ್ಳು ದಾವೆಗಳ ಮಾತು ಬಂದಾಗ ಬೆರಳು ಹೋಗುವುದು ಸಾಮಾನ್ಯವಾಗಿ ನ್ಯಾಯಾಧೀಶರ ಕಡೆಗೆ, ಇಲ್ಲವೇ ಸರ್ಕಾರದ ಕಡೆಗೆ. ನಾನು ನಿಮಗೇ ಬರೆಯಲು ಕಾರಣವಿದೆ. ದಾವೆ ನ್ಯಾಯಾಧೀಶರ ಮೇಜಿಗೆ ಹೋಗುವ ಮೊದಲು ನಿಮ್ಮ ಮೇಜಿಗೆ ಬರುತ್ತದೆ. ಕಕ್ಷಿದಾರ ಕೈಚೀಲದಿಂದ ಹಳೆಯ ಪಹಣಿ, ಮಡಿಕೆ ಬಿದ್ದ ಕ್ರಯಪತ್ರ, ವಂಶವೃಕ್ಷದ ಜೆರಾಕ್ಸ್ ತೆಗೆದು ಹರಡುತ್ತಾನೆ. ಅವನ ಮಾತಿನಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂದು ಮೊದಲು ತಿಳಿಯುವವರು ನೀವು. ನ್ಯಾಯಾಧೀಶರಿಗೆ ಅದು ತಿಳಿಯಲು ಸಮನ್ಸ್ ಜಾರಿಯಾಗಬೇಕು, ಎದುರು ಪಕ್ಷ ತಕರಾರು ಸಲ್ಲಿಸಬೇಕು, ಸಾಕ್ಷ್ಯ ಆಗಬೇಕು, ಪಾಟಿ ಸವಾಲು ಮುಗಿಯಬೇಕು. ಅಷ್ಟರಲ್ಲಿ ಎಷ್ಟೋ ವರ್ಷ ಕಳೆದಿರುತ್ತವೆ.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಹಳೆಯದು. ಖರ್ಚು ಮತ್ತು ವಿಳಂಬದ ಬಗ್ಗೆ ಜನ ಆಡಿದ ಮಾತು ಅದು. ಅದರಲ್ಲಿ ನೋವಿತ್ತು, ಆದರೆ ನ್ಯಾಯಾಲಯದ ಬಗ್ಗೆ ಅಪನಂಬಿಕೆ ಇರಲಿಲ್ಲ. ಕಾಲ ಹಿಡಿದರೂ ಅಲ್ಲಿ ಸತ್ಯ ಹೊರಬರುತ್ತದೆ ಎಂಬ ಭರವಸೆ ಆ ಮಾತಿನ ಅಡಿಯಲ್ಲಿತ್ತು. ಈಗ ಕೇಳಿಬರುವ ಮಾತು ಬೇರೆ. ಹಿಂದೆ ‘ಕೋರ್ಟಿಗೆ ಹೋಗುತ್ತೇನೆ’ ಎಂದು ಹೇಳುತ್ತಿದ್ದವನು ಬಲವಿಲ್ಲದವನು, ಅನ್ಯಾಯಕ್ಕೆ ಒಳಗಾದವನು. ಇಂದು ‘ಕೇಸು ಹಾಕಿ ಹತ್ತು ವರ್ಷ ಅಲೆದಾಡಿಸುತ್ತೇನೆ’ ಎಂದು ಹೇಳುವವನು ತನ್ನ ಕೇಸಿನಲ್ಲಿ ಹುರುಳಿಲ್ಲ ಎಂದು ಬಲ್ಲವನು. ಕೋರ್ಟಿನ ಹೆಸರನ್ನು ಬೆದರಿಕೆಯಾಗಿ ಬಳಸುವವನು ಬದಲಾಗಿದ್ದಾನೆ. ಜನರ ವಿಶ್ವಾಸ ಕುಸಿದಿರುವುದು ಈ ಜಾಗದಲ್ಲಿ. ಬಾಕಿ ಪ್ರಕರಣಗಳು ದೇಶದಲ್ಲಿ ಐದು ಕೋಟಿ ಮುಟ್ಟಿವೆ ಎಂಬ ಲೆಕ್ಕಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇದು.

ಒಂದು ಮಾದರಿ ದಾವೆಯನ್ನು ಹತ್ತಿರದಿಂದ ನೋಡೋಣ. ಬೆಂಗಳೂರಿನ ಸುತ್ತಲ ತಾಲೂಕುಗಳಲ್ಲಿ, ಮೈಸೂರು, ತುಮಕೂರು, ಹುಬ್ಬಳ್ಳಿಯ ಅಂಚಿನಲ್ಲಿ ಕೆಲಸ ಮಾಡುವ ನಿಮ್ಮಲ್ಲಿ ಯಾರಿಗೂ ಇದು ಹೊಸದಲ್ಲ. ಇಪ್ಪತ್ತು ಇಪ್ಪತ್ತೈದು ವರ್ಷಗಳ ಹಿಂದೆ ಒಬ್ಬ ಯಜಮಾನ ಎರಡು ಎಕರೆ ಜಮೀನನ್ನು ನೋಂದಾಯಿತ ಕ್ರಯಪತ್ರದ ಮೂಲಕ ಮಾರಿರುತ್ತಾನೆ. ಕುಟುಂಬದ ಸಾಲ ತೀರಿಸಲು ಮಾರಿದ್ದೇನೆ ಎಂದು ಪತ್ರದಲ್ಲಿ ಬರೆದಿರುತ್ತದೆ. ಬೆಳೆದ ಮಗ ಒಪ್ಪಿಗೆ ಸಾಕ್ಷಿಯಾಗಿ ರುಜು ಹಾಕಿರುತ್ತಾನೆ. ಕೊಂಡವನ ಹೆಸರಿಗೆ ಖಾತೆ, ಪಹಣಿ ಆಗಿರುತ್ತವೆ. ಆಮೇಲೆ ಪಕ್ಕದಲ್ಲಿ ರಸ್ತೆ ಬರುತ್ತದೆ, ಲೇಔಟ್ ಬರುತ್ತದೆ, ಎಕರೆಯ ಬೆಲೆ ಕೋಟಿ ಮುಟ್ಟುತ್ತದೆ. ಆಗ ಒಂದು ಪಾಲಿನ ದಾವೆ ಹುಟ್ಟುತ್ತದೆ. ರುಜು ಹಾಕಿದ ಮಗ ವಾದಿಯಾಗುವುದಿಲ್ಲ, ಅವನ ಮಕ್ಕಳು ಆಗುತ್ತಾರೆ. ಅವರು ಚಿಕ್ಕವರಾದರೆ ತಾಯಿಯನ್ನು ಪಾಲಕಳೆಂದು ತೋರಿಸಲಾಗುತ್ತದೆ. ಅಜ್ಜ ಒಂದನೇ ಪ್ರತಿವಾದಿ, ಅಪ್ಪ ಎರಡನೇ ಪ್ರತಿವಾದಿ. ಇಬ್ಬರೂ ಮೊಮ್ಮಕ್ಕಳ ಜೊತೆ ಒಂದೇ ಸೂರಿನಡಿ ಉಂಡು ಮಲಗುವವರು, ಆದರೂ ಸಮನ್ಸ್ ತೆಗೆದುಕೊಂಡು ಗೈರುಹಾಜರಾಗುತ್ತಾರೆ. ಕೊನೆಯಲ್ಲಿ ಉಳಿಯುವ ನಿಜವಾದ ಪ್ರತಿವಾದಿ ಜಮೀನು ಕೊಂಡವನೊಬ್ಬನೇ. ಪಿತ್ರಾರ್ಜಿತ ಸ್ವತ್ತು, ಈವರೆಗೆ ಸರಸನಿರಸವಾಗಿ ವಿಭಾಗವಾಗಿಲ್ಲ ಎಂಬ ಸಾಲುಗಳು ದಾವಾಪತ್ರದಲ್ಲಿ ಇರಲೇಬೇಕು, ಇರುತ್ತವೆ. ವ್ಯಾಜ್ಯಕಾರಣದ ಪ್ಯಾರಾಕ್ಕೆ ಬಂದಾಗ ವಾದಿಗಳು ಕಳೆದ ತಿಂಗಳು ಪಹಣಿ ತೆಗೆಸಿದಾಗ ಕ್ರಯದ ವಿಷಯ ಮೊದಲ ಬಾರಿಗೆ ತಿಳಿಯಿತು ಎಂದು ಬರೆಯಲಾಗುತ್ತದೆ. ಕಾಲಮಿತಿ ಕಾಯ್ದೆಯನ್ನು ದಾಟಲು ಆ ಒಂದು ಸಾಲು ಬೇಕು. ಎರಡು ದಶಕ ಪಕ್ಕದ ಬದುವಿನಲ್ಲಿ ಬೇರೆಯವನು ಉತ್ತಿದ್ದನ್ನು ನೋಡುತ್ತ ಬದುಕಿದ ಮನೆಗೆ ಮಾರಾಟದ ಸುದ್ದಿ ಕಳೆದ ತಿಂಗಳು ತಿಳಿಯಿತು ಎಂಬುದನ್ನು ಬರೆದುಕೊಟ್ಟ ವಕೀಲರು ನಂಬಿದ್ದರೇ?

ಮುಂದೆ ಆಗುವುದು ನಿಮಗೆ ಗೊತ್ತು. ದಾವೆಯ ಜೊತೆ ಮಧ್ಯಂತರ ಅರ್ಜಿ, ಯಥಾಸ್ಥಿತಿ ಕಾಯುವಂತೆ ಆದೇಶ. ಪಹಣಿಯ 11ನೇ ಕಾಲಂನಲ್ಲಿ ಕೋರ್ಟಿನ ಉಲ್ಲೇಖ ಏರುತ್ತದೆ. ಬ್ಯಾಂಕಿನವರು ಸಾಲ ಕೊಡುವುದಿಲ್ಲ, ಕೊಳ್ಳಲು ಬಂದವರು ವಾಪಸು ಹೋಗುತ್ತಾರೆ. ಆದೇಶವೇ ಸಿಗದಿದ್ದರೂ ದಾವೆ ಬಾಕಿ ಇರುವಾಗ ಆದ ವರ್ಗಾವಣೆ ತೀರ್ಪಿಗೆ ಅಧೀನ ಎಂಬ ನಿಯಮ ಸ್ವತ್ತು ವರ್ಗಾವಣೆ ಕಾಯ್ದೆಯ 52ನೇ ಕಲಮಿನಲ್ಲಿದೆ. ಆಸ್ತಿಯ ಕೈ ಕಟ್ಟಿಹಾಕಲು ದಾವೆಯ ನಂಬರ್ ಒಂದೇ ಸಾಕು. ನಾಲ್ಕಾರು ವರ್ಷ ಅಲೆದ ಮೇಲೆ ಮಧ್ಯವರ್ತಿಯೊಬ್ಬ ಬಂದು, ‘ಇಷ್ಟು ಕೊಟ್ಟು ಮುಗಿಸಿಕೊಳ್ಳಿ, ಕೇಸು ವಾಪಸ್ ತೆಗೆದುಕೊಳ್ಳುತ್ತಾರೆ’ ಎನ್ನುತ್ತಾನೆ. ಕೊಂಡವನು ಕೊಡುತ್ತಾನೆ. ದಾವೆ ರಾಜಿಯಾಯಿತು ಎಂದು ಅಂಕಿಅಂಶದ ಪಟ್ಟಿಗೆ ಸೇರುತ್ತದೆ.

ಇಲ್ಲಿ ನ್ಯಾಯಾಲಯ ತಪ್ಪು ತೀರ್ಪು ಕೊಟ್ಟಿಲ್ಲ, ನಿಜ ಹೇಳಬೇಕೆಂದರೆ ತೀರ್ಪನ್ನೇ ಕೊಟ್ಟಿಲ್ಲ. ಆದರೂ ಅದರ ಮೊಹರು, ಅದರ ಸಮನ್ಸು, ಅದರ ಯಥಾಸ್ಥಿತಿ ಆದೇಶ ಇವೆಲ್ಲ ಒಬ್ಬನ ಸುಲಿಗೆಗೆ ಕೆಲಸ ಮಾಡಿವೆ. ಸುಳ್ಳು ದಾವೆ ಹೂಡುವವನಿಗೆ ಗೆಲ್ಲುವ ಉದ್ದೇಶವೇ ಇರುವುದಿಲ್ಲ. ಸತ್ಯಾಸತ್ಯ ಪರೀಕ್ಷೆಯಾಗುವ ಮುಂಚೆಯೇ ನ್ಯಾಯಾಲಯದ ಅಧಿಕಾರವನ್ನು ಕಡ ತಂದು ಎದುರಾಳಿಯ ಮೇಲೆ ಬಳಸುವುದು ಅವನ ಉದ್ದೇಶ. ಆ ಕಡವನ್ನು ತೀರಿಸುವವನು ಅವನಲ್ಲ, ನ್ಯಾಯಾಂಗ. ಹಣ ಕಳೆದುಕೊಂಡ ಮನುಷ್ಯ ಊರಿಗೆ ಹೋಗಿ ‘ಆ ಮನೆಯವರು ನನಗೆ ಮೋಸ ಮಾಡಿದರು’ ಎಂದಷ್ಟೇ ಹೇಳುವುದಿಲ್ಲ, ‘ಕೋರ್ಟಿನಲ್ಲಿ ನ್ಯಾಯ ಇಲ್ಲ’ ಎಂದು ಹೇಳುತ್ತಾನೆ. ಕೇಳಿಸಿಕೊಂಡವರಲ್ಲಿ ಸಜ್ಜನರು ಕೋರ್ಟಿನಿಂದ ದೂರ ಉಳಿಯುತ್ತಾರೆ, ದುರ್ಜನರು ತಮ್ಮ ಹಳೆಯ ಪಹಣಿಗಳನ್ನು ಹುಡುಕತೊಡಗುತ್ತಾರೆ.

ದೂರ ಉಳಿದ ಸಜ್ಜನರು ಎಲ್ಲಿಗೆ ಹೋಗುತ್ತಾರೆ? ಅವರ ಜಗಳ ಆವಿಯಾಗುವುದಿಲ್ಲ. ಸಿವಿಲ್ ತಕರಾರನ್ನು ಹಿಡಿದು ಪೊಲೀಸ್ ಠಾಣೆಗೆ ಹೋಗುತ್ತಾರೆ, ಸ್ಥಳೀಯ ಪುಢಾರಿಯ ಮನೆಗೆ ಹೋಗುತ್ತಾರೆ. ನಗರದ ಅಂಚಿನಲ್ಲಿ ‘ಸೆಟ್ಲ್‌ಮೆಂಟ್’ ಎಂಬ ಪದಕ್ಕೆ ಬಂದಿರುವ ಅರ್ಥ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸಿವಿಲ್ ವ್ಯಾಜ್ಯಗಳಲ್ಲಿ ಪೊಲೀಸರು ಕೈಹಾಕಬಾರದು ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳುತ್ತಿದೆ, ಜನ ಮತ್ತೆ ಮತ್ತೆ ಠಾಣೆಗೇ ಹೋಗುತ್ತಿದ್ದಾರೆ. ಅವರ ಮಟ್ಟಿಗೆ ಸಿವಿಲ್ ಕೋರ್ಟು ಸತ್ಯವಂತನ ಜಾಗವಾಗಿ ಉಳಿದಿಲ್ಲ ಎಂಬುದು ಅದಕ್ಕೆ ಒಂದು ದೊಡ್ಡ ಕಾರಣ.

ಈಗ ಲೆಕ್ಕಕ್ಕೆ ಬರೋಣ. ಬೆಂಗಳೂರಿನ ದಕ್ಷ್ ಸಂಸ್ಥೆ 2016ರಲ್ಲಿ ಹೊರತಂದ ಕಕ್ಷಿದಾರರ ಸಮೀಕ್ಷೆಯ ಪ್ರಕಾರ ಸಿವಿಲ್ ಪ್ರಕರಣಗಳಲ್ಲಿ ಶೇ. 66ರಷ್ಟು ಜಮೀನು ಮತ್ತು ಆಸ್ತಿಗೆ ಸಂಬಂಧಿಸಿದವು. ಸಿವಿಲ್ ಕಕ್ಷಿದಾರ ಒಂದು ವಾಯಿದೆಗೆ ಬಂದು ಹೋಗಲು ಸರಾಸರಿ 497 ರೂಪಾಯಿ ಖರ್ಚು ಮಾಡುತ್ತಾನೆ, ಆ ದಿನದ ಸಂಪಾದನೆ ತಪ್ಪಿ 844 ರೂಪಾಯಿ ಕಳೆದುಕೊಳ್ಳುತ್ತಾನೆ. ಎರಡೂ ಸೇರಿದರೆ ದಿನಕ್ಕೆ 1,341 ರೂಪಾಯಿ, ನಿಮ್ಮ ಫೀಜು ಬೇರೆ. ಇದರ ಎದುರಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ಎ ಕಲಮನ್ನು ಇಟ್ಟು ನೋಡಿ. ಸುಳ್ಳು ಎಂದು ತಿಳಿದೂ ಹೂಡಿದ ದಾವೆಗೆ, ಸುಳ್ಳು ಎಂದು ತಿಳಿದೂ ಎತ್ತಿದ ತಕರಾರಿಗೆ ಪರಿಹಾರರೂಪದ ಖರ್ಚು ಕೊಡಿಸುವ ಕಲಮು ಅದು. ಅದರ ಗರಿಷ್ಠ ಮಿತಿ ಮೂರು ಸಾವಿರ ರೂಪಾಯಿ, 1976ರ ತಿದ್ದುಪಡಿಯಲ್ಲಿ ನಿಗದಿಯಾದದ್ದು. ಹತ್ತು ವರ್ಷ ಅಲೆಸಿ ಕೊನೆಗೆ ದಾವೆ ಸುಳ್ಳೆಂದು ಸಾಬೀತಾದರೆ ಸಿಗುವ ಪರಮಾವಧಿ ಪರಿಹಾರ ಎರಡು ವಾಯಿದೆಯ ಖರ್ಚಿಗೆ ಸಾಕಾಗುತ್ತದೆ, ಮೂರನೆಯದಕ್ಕೆ ಸಾಲುವುದಿಲ್ಲ. ಸಾಕಷ್ಟು ಆಧಾರವಿಲ್ಲದೆ ತಡೆಯಾಜ್ಞೆ ಪಡೆದವನಿಂದ 95ನೇ ಕಲಮಿನಡಿ ಐವತ್ತು ಸಾವಿರದವರೆಗೆ ಪರಿಹಾರ ಕೇಳಬಹುದು, ಕೋಟಿ ಬೆಲೆಯ ಜಮೀನಿನ ಎದುರು ಅದೂ ಎಷ್ಟರದು? ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ 2015ರಲ್ಲಿ ಬಂದಾಗ ಕಂಪನಿಗಳ ನಡುವಿನ ದೊಡ್ಡ ವ್ಯಾಜ್ಯಗಳಿಗೆ ಈ ಮೂರು ಸಾವಿರದ ಮಿತಿಯನ್ನು ತೆಗೆದುಹಾಕಲಾಯಿತು. ರೈತನ ಎರಡು ಎಕರೆಗೆ, ಮಧ್ಯಮವರ್ಗದವನ ಸೈಟಿಗೆ ಅದು ಹಾಗೇ ಉಳಿದಿದೆ. ಇದು ನನಗೆ ಸಹಿಸಲಾಗದ ಅನ್ಯಾಯವಾಗಿ ಕಾಣುತ್ತದೆ.

ಇದು ಗೊತ್ತಿಲ್ಲದೆ ಉಳಿದ ವಿಷಯವೂ ಅಲ್ಲ. 1977ರಲ್ಲಿ ಬೆಂಗಳೂರಿನದೇ ಒಂದು ಬಾಡಿಗೆ ಕಟ್ಟಡದ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ತೆರವಿನ ಆದೇಶ ಹೈಕೋರ್ಟಿನಲ್ಲಿಯೂ ಕಾಯಂ ಆಗಿ, ಬಿಟ್ಟುಕೊಡಲು ಕೆಲವು ತಿಂಗಳ ಕಾಲಾವಕಾಶ ಸಿಕ್ಕಿತ್ತು. ಆ ಅವಕಾಶವನ್ನು ಬಾಡಿಗೆಯ ಕಡೆಯವರು ಬಳಸಿಕೊಂಡದ್ದು ತೆರವಿನ ಆದೇಶವೇ ಮೋಸದಿಂದ ಪಡೆದದ್ದೆಂದು ಮುನ್ಸಿಫ್ ಕೋರ್ಟಿನಲ್ಲಿ ಹೊಸ ದಾವೆ ಹೂಡಲು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ತೀರ್ಪಿನಲ್ಲಿ ವಿಚಾರಣಾ ನ್ಯಾಯಾಧೀಶರಿಗೆ ಕೊಟ್ಟ ಸೂಚನೆ ನಿಮಗೆ ಕಂಠಪಾಠವಿರುತ್ತದೆ. ದಾವಾಪತ್ರವನ್ನು ಅಕ್ಷರ ನೋಡಿ ಓದಬೇಡಿ, ಅರ್ಥ ನೋಡಿ ಓದಿ. ಜಾಣ ಬರವಣಿಗೆಯಿಂದ ಇಲ್ಲದ ವ್ಯಾಜ್ಯಕಾರಣ ಇದ್ದಂತೆ ತೋರಿಸಿದ್ದರೆ ಮೊದಲ ವಿಚಾರಣೆಯಲ್ಲೇ ಕಕ್ಷಿದಾರನನ್ನು ಕರೆದು ಪ್ರಶ್ನಿಸಿ, 7ನೇ ಆದೇಶದ 11ನೇ ನಿಯಮದಡಿ ತಿರಸ್ಕರಿಸಿ. 35ಎ ಕಲಮನ್ನು ಮರೆಯಬೇಡಿ ಎಂಬುದು ಅದರ ಸಾರ. ದಾವಾಪತ್ರ ತಿರಸ್ಕರಿಸುವಂತೆ ಕೋರಿ ನೀವು ಹಾಕುವ ಅರ್ಜಿಗಳಲ್ಲಿ ಈ ಭಾಗ ಇಂದಿಗೂ ಉಲ್ಲೇಖವಾಗುತ್ತದೆ. ಆದರೆ ಆ ತೀರ್ಪು ಅಲ್ಲಿಗೆ ನಿಲ್ಲುವುದಿಲ್ಲ. ಅದು ವಕೀಲರ ಕಡೆಗೂ ತಿರುಗುತ್ತದೆ. ಅಪ್ರಾಮಾಣಿಕ ಕಕ್ಷಿದಾರನ ಮಾತಿಗೆ ಮರುಳಾಗದೆ ಬುಡವಿಲ್ಲದ, ಮೋಸದ ದಾವೆಗಳನ್ನು ವಕೀಲರೇ ಜರಡಿ ಹಿಡಿದರೆ ನ್ಯಾಯಕ್ಕೆ ಅದೊಂದು ದೊಡ್ಡ ಕೊಡುಗೆ ಎನ್ನುತ್ತದೆ. ಈ ಹೊಣೆಯನ್ನು ವಕೀಲರ ಪರಿಷತ್ತು ಜೀವಂತಗೊಳಿಸಲಿ ಎಂದು ಹಾರೈಸುತ್ತದೆ. ಬೆಂಗಳೂರಿನ ಕೋರ್ಟಿನಿಂದ ಹೊರಟ ಪ್ರಕರಣದಲ್ಲಿ ಹೇಳಿದ ಈ ಎರಡನೇ ಭಾಗವನ್ನು ನಾವು ಸಾಕಷ್ಟು ಓದಿಲ್ಲ ಎಂಬುದು ನನ್ನ ದೂರು.

ನಿಮ್ಮ ಮೊದಲ ಆಕ್ಷೇಪ ನನಗೆ ಗೊತ್ತಿದೆ. ವಕೀಲ ನ್ಯಾಯಾಧೀಶನಲ್ಲ, ಕಕ್ಷಿದಾರ ಹೇಳಿದ್ದು ಸುಳ್ಳು ಎಂದು ತೀರ್ಮಾನಿಸಲು ನಾವು ಯಾರು, ಪ್ರತಿಯೊಬ್ಬನಿಗೂ ವಕೀಲನನ್ನು ಪಡೆಯುವ ಹಕ್ಕಿಲ್ಲವೇ ಎಂದು ನೀವು ಕೇಳುವಿರಿ. ಬಲವಾದ ಆಕ್ಷೇಪವೇ. ಆದರೆ ಇಲ್ಲಿ ಎರಡು ಬೇರೆ ಸಂಗತಿಗಳು ಬೆರೆತುಹೋಗಿವೆ. ದುರ್ಬಲ ದಾವೆ ಒಂದು, ಸುಳ್ಳು ದಾವೆ ಇನ್ನೊಂದು. ಸಂಗತಿ ನಿಜವಿದ್ದು ಕಾನೂನು ಅನುಕೂಲವಾಗಿಲ್ಲದಿದ್ದರೆ ಅದು ದುರ್ಬಲ ದಾವೆ. ಅದನ್ನು ಹೂಡುವುದು ನಿಮ್ಮ ಹಕ್ಕು, ಎಷ್ಟೋ ಸಲ ನಿಮ್ಮ ಕರ್ತವ್ಯ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಖಾಸಗಿತನ ಮೂಲಭೂತ ಹಕ್ಕಲ್ಲ ಎನ್ನುವ ಹಳೆಯ ತೀರ್ಪುಗಳು ಎದುರಿಗಿದ್ದವು. 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದು ಮೂಲಭೂತ ಹಕ್ಕೇ ಎಂದು ಸರ್ವಾನುಮತದಿಂದ ಹೇಳಿತು. ಹೆಣ್ಣುಮಕ್ಕಳ ಪಾಲಿನ ವಿಷಯ ಇನ್ನೂ ಹತ್ತಿರದ್ದು. ಕರ್ನಾಟಕ 1994ರಲ್ಲಿ ತಾನೇ ತಿದ್ದುಪಡಿ ತಂದು ಅವರಿಗೆ ಹುಟ್ಟಿನಿಂದ ಹಕ್ಕು ಕೊಟ್ಟಿತು, ಕೇಂದ್ರ 2005ರಲ್ಲಿ ಕೊಟ್ಟಿತು, ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಬೇಕೇ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಬಗೆಹರಿಸಿತು. ಅದಕ್ಕಿಂತ ಮುಂಚೆ ಪಾಲು ಕೇಳಿದ ಅಕ್ಕತಂಗಿಯರನ್ನು ಎಷ್ಟು ಮನೆಗಳಲ್ಲಿ ‘ಸುಳ್ಳು ಕೇಸು ಹಾಕಿದವರು’ ಎಂದು ಹಂಗಿಸಲಾಯಿತೋ! ಅಂಥ ದಾವೆಗಳನ್ನು ತಡೆಯಿರಿ ಎಂದು ನಾನು ಕೇಳುತ್ತಿಲ್ಲ, ಅವುಗಳ ದಾರಿ ಬಿಡಿಸಿಕೊಡಿ ಎಂದು ಕೇಳುತ್ತಿದ್ದೇನೆ. ಮೊಮ್ಮಕ್ಕಳ ಹೆಸರಿನ ಜಾಣ ದಾವೆಗಳು ಅದೇ ಪಟ್ಟಿಯಲ್ಲಿ ತುಂಬಿಕೊಂಡಿರುವುದರಿಂದ ನಿಜವಾಗಿ ಪಾಲು ತಪ್ಪಿದ ಹೆಣ್ಣುಮಗಳ ದಾವೆ ಹಿಂದೆ ಬಿದ್ದಿದೆ.

ಸುಳ್ಳು ದಾವೆಯ ಪ್ರಶ್ನೆ ಕಾನೂನಿನದಲ್ಲ, ಸಂಗತಿಯದು. ಮಾರಾಟ ಗೊತ್ತಿದ್ದೂ ಗೊತ್ತಿಲ್ಲ ಎಂದು ಬರೆಸುವುದು, ಆಗಿಹೋದ ಪಾಲುಪಟ್ಟಿಯನ್ನು ಮುಚ್ಚಿಡುವುದು, ಒಂದು ಕೋರ್ಟಿನಲ್ಲಿ ಸಿಗದ ತಡೆಯಾಜ್ಞೆಗೆ ಹೆಸರು ಬದಲಿಸಿ ಇನ್ನೊಂದು ಕೋರ್ಟಿಗೆ ಹೋಗುವುದು ಇವೆಲ್ಲ ಸಂಗತಿಯ ಸುಳ್ಳುಗಳು. ಇವನ್ನು ಕಂಡುಹಿಡಿಯಲು ನೀವು ನ್ಯಾಯಾಧೀಶರಾಗಬೇಕಿಲ್ಲ; ಮೂವತ್ತು ವರ್ಷದ ಋಣಭಾರ ಪ್ರಮಾಣಪತ್ರ (ಇಸಿ) ತರಿಸಿ, ಮ್ಯುಟೇಶನ್ ಪ್ರತಿ ನೋಡಿ, ಕಕ್ಷಿದಾರನನ್ನು ಎದುರು ಕೂರಿಸಿಕೊಂಡು ನಾಲ್ಕು ಪ್ರಶ್ನೆ ಕೇಳಿದರೆ ಮುಗಿಯಿತು. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಇದನ್ನೇ ಹೇಳುತ್ತವೆ. ಕಕ್ಷಿದಾರ ಅಡ್ಡದಾರಿ ಹಿಡಿಯದಂತೆ ತಡೆಯಲು ಯತ್ನಿಸಬೇಕು, ಅವನು ಹಟ ಹಿಡಿದರೆ ವಕಾಲತ್ತು ನಿರಾಕರಿಸಬೇಕು. ಕೊಲೆ ಆರೋಪಿಗೂ ವಕೀಲ ಬೇಕು, ನಿಜ. ಅಲ್ಲಿ ರಾಜ್ಯದ ಬಲದ ಎದುರು ಒಬ್ಬ ಮನುಷ್ಯನನ್ನು ಕಾಯುತ್ತೀರಿ. ಸುಳ್ಳು ದಾವೆಯಲ್ಲಿ ರಾಜ್ಯದ ಬಲವನ್ನೇ ತಂದು ಒಬ್ಬ ನಿರಪರಾಧಿಯ ಮೇಲೆ ಹೇರುತ್ತೀರಿ. ಎರಡನ್ನೂ ಒಂದೇ ಹಕ್ಕಿನ ಹೆಸರಿನಲ್ಲಿ ಸಮರ್ಥಿಸಲು ಆಗದು.

ಎರಡನೇ ಆಕ್ಷೇಪ ಇನ್ನೂ ನ್ಯಾಯವಾದದ್ದು. ವಿಳಂಬಕ್ಕೆ ವಕೀಲರನ್ನೇಕೆ ದೂರುತ್ತೀರಿ? ಹತ್ತು ಲಕ್ಷ ಜನಕ್ಕೆ ಐವತ್ತು ನ್ಯಾಯಾಧೀಶರು ಬೇಕೆಂದು ಕಾನೂನು ಆಯೋಗ 1987ರಲ್ಲೇ ಹೇಳಿತು, ಇಂದಿಗೂ ಇಪ್ಪತ್ತೊಂದರ ಆಸುಪಾಸಿನಲ್ಲಿದ್ದೇವೆ. ಎಲ್ಲರಿಗಿಂತ ದೊಡ್ಡ ಕಕ್ಷಿದಾರ ಸರ್ಕಾರವೇ. ತೆರಿಗೆ ಇಲಾಖೆ ಹಾಕುವ ಮೇಲ್ಮನವಿಗಳಲ್ಲಿ ಗೆಲ್ಲುವುದು ನೂರಕ್ಕೆ ಮೂವತ್ತಕ್ಕಿಂತ ಕಡಿಮೆ ಎಂದು ಕೇಂದ್ರದ 2017-18ರ ಆರ್ಥಿಕ ಸಮೀಕ್ಷೆಯೇ ಒಪ್ಪಿಕೊಂಡಿದೆ. ಸೋಲುವುದು ಗೊತ್ತಿದ್ದೂ ಮೇಲ್ಮನವಿ ಹಾಕುವ ಅಧಿಕಾರಿ, ಕ್ಷುಲ್ಲಕ ದಾವೆ ಹೂಡುವ ಯಾವ ಖಾಸಗಿ ವ್ಯಕ್ತಿಗಿಂತ ಕಡಿಮೆಯವನಲ್ಲ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಸರ್ಕಾರಿ ವಕೀಲರಾಗಿರುವ ನಿಮ್ಮ ಸಹೋದ್ಯೋಗಿಗಳು, ಇದು ಮೇಲ್ಮನವಿಗೆ ಯೋಗ್ಯವಲ್ಲ ಎಂದು ಕಡತದ ಮೇಲೆ ಧೈರ್ಯವಾಗಿ ಬರೆಯಬೇಕೆಂದೂ ಕೇಳಿಕೊಳ್ಳುತ್ತೇನೆ. ಆದರೆ ನನ್ನ ವಾದ ವಿಳಂಬದ್ದಲ್ಲ, ವಿಶ್ವಾಸದ್ದು. ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ಕಡಿಮೆ ಇದ್ದಾರೆ ಎಂದು ಸಾಲು ಉದ್ದವಾದರೆ ಜನ ಬೈಯುತ್ತಾರೆ, ಆದರೂ ಕಾಯುತ್ತಾರೆ. ಕಾಯಿಲೆಯೇ ಇಲ್ಲದವನು ಮುಂದೆ ಹೋಗಿ ಚೀಟಿ ಬರೆಸಿಕೊಂಡು, ಆ ಚೀಟಿಯನ್ನೇ ತೋರಿಸಿ ಹೊರಗೆ ದುಡ್ಡು ಕೀಳುತ್ತಿದ್ದಾನೆ ಎಂದು ಗೊತ್ತಾದ ದಿನ ಸಾಲಿನಲ್ಲಿ ನಿಲ್ಲುವ ಮನಸ್ಸೇ ಹೋಗುತ್ತದೆ. ಇರುವ ನ್ಯಾಯಾಧೀಶರ ಸಂಖ್ಯೆ ಎರಡರಷ್ಟಾದರೂ ಈ ಗಾಯ ತಾನಾಗಿ ಮಾಯುವುದಿಲ್ಲ.

ಈ ಅಪನಂಬಿಕೆಗೆ ಇನ್ನೊಂದು ಮಗ್ಗುಲಿದೆ, ಅದು ಜನರ ಗಮನಕ್ಕೆ ಬರುವುದೇ ಇಲ್ಲ. ನ್ಯಾಯಾಲಯದ ಮೇಲೆ ಜನರ ವಿಶ್ವಾಸ ಕುಗ್ಗಿದಂತೆ ಜನರ ಮಾತಿನ ಮೇಲೆ ನ್ಯಾಯಾಲಯದ ವಿಶ್ವಾಸವೂ ಕುಗ್ಗುತ್ತದೆ. ದಾವಾಪತ್ರದ ಜೊತೆ ಪ್ರಮಾಣಪತ್ರ ಕಡ್ಡಾಯ ಎಂಬ ನಿಯಮ 2002ರ ಜುಲೈನಿಂದ ಜಾರಿಯಲ್ಲಿದೆ. ಅಲ್ಲಿ ದೇವರ ಮೇಲೆ ಆಣೆಯಿಟ್ಟು ಬರೆದದ್ದನ್ನು ಇಂದು ಯಾರು ಪ್ರಮಾಣವೆಂದು ಓದುತ್ತಾರೆ? ತುರ್ತು ತಡೆಯಾಜ್ಞೆ ಕೋರಿ ಬಂದ ಹತ್ತು ಅರ್ಜಿಗಳಲ್ಲಿ ಬಹುಪಾಲು ಉತ್ಪ್ರೇಕ್ಷೆಯವು ಎಂದು ಅನುಭವ ಕಲಿಸಿದ ಮೇಲೆ, ನಾಳೆ ಬೆಳಿಗ್ಗೆ ನಿಜವಾಗಿಯೂ ಜೆಸಿಬಿ ಬಂದು ಮನೆಗೋಡೆ ಕೆಡವಲಿರುವ ವಿಧವೆಯ ಅರ್ಜಿಯನ್ನೂ ನ್ಯಾಯಾಧೀಶರು ಅದೇ ಸಂಶಯದ ಕಣ್ಣಿನಿಂದ ನೋಡುತ್ತಾರೆ. ನೋಟಿಸ್ ಕೊಡಿ ಎಂದು ಎರಡು ವಾರ ಮುಂದೆ ಹಾಕುತ್ತಾರೆ. ಅವರನ್ನು ದೂರುವಂತಿಲ್ಲ. ಆ ಎರಡು ವಾರವನ್ನು ಆಕೆಯಿಂದ ಕಸಿದವರು ಹಿಂದಿನ ಒಂಬತ್ತು ಅರ್ಜಿಗಳಿಗೆ ರುಜು ಹಾಕಿದವರು.

ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳಲ್ಲಿ ಇದೇ ಆಗಿದೆ. ಬಳ್ಳಾರಿಯ ಅಕ್ರಮ ಗಣಿಗಾರಿಕೆಗೆ 2011ರಲ್ಲಿ ಸುಪ್ರೀಂ ಕೋರ್ಟಿನಿಂದ ತಡೆ ಬಿದ್ದದ್ದು ಸಮಾಜ ಪರಿವರ್ತನ ಸಮುದಾಯ ಹಾಕಿದ ಅಂಥ ಅರ್ಜಿಯಿಂದ. ಅದೇ ಬಾಗಿಲಿನಿಂದ ಪ್ರಚಾರಕ್ಕಾಗಿ, ಹಗೆಗಾಗಿ ಬಂದವರೂ ಇದ್ದಾರೆ. ಒಬ್ಬ ಅಡ್ವೊಕೇಟ್ ಜನರಲ್ ಅವರ ವಯಸ್ಸು ಮೀರಿದೆ ಎಂಬ ಬುಡವಿಲ್ಲದ ಅರ್ಜಿಯ ಸಂಬಂಧ 2010ರಲ್ಲಿ ಸುಪ್ರೀಂ ಕೋರ್ಟ್ ಒಂದು ಲಕ್ಷ ರೂಪಾಯಿ ದಂಡ ಹಾಕಿ ಇಂಥ ಅರ್ಜಿಗಳಿಗೆ ಮಾರ್ಗಸೂಚಿ ರೂಪಿಸಬೇಕಾಯಿತು. 2017ರಲ್ಲಿ, ಅರವತ್ತನಾಲ್ಕು ಅರ್ಜಿ ಹಾಕಿ ಒಂದರಲ್ಲೂ ಗೆಲ್ಲದ ಸಂಸ್ಥೆಯೊಂದಕ್ಕೆ ಇಪ್ಪತ್ತೈದು ಲಕ್ಷ ದಂಡ ಬಿತ್ತು. ದೊಡ್ಡ ಕೋರ್ಟಿನ ದಂಡ ಪತ್ರಿಕೆಯಲ್ಲಿ ಬರುತ್ತದೆ. ತಾಲೂಕು ಕೋರ್ಟಿನಲ್ಲಿ ಸುಳ್ಳು ದಾವೆ ಗೈರುಹಾಜರಿಗಾಗಿ ವಜಾ ಆಗುತ್ತದೆ, ಯಾರಿಗೂ ನಯಾಪೈಸೆ ಖರ್ಚು ಕೊಡಿಸದೆ ಕಡತ ರೆಕಾರ್ಡ್ ರೂಮಿಗೆ ಹೋಗುತ್ತದೆ. ಜನಸಾಮಾನ್ಯ ಕಾಣುವ ಕೋರ್ಟು ಈ ಎರಡನೆಯದು.

ಖರ್ಚು, ದಂಡ ಹೆಚ್ಚಿಸಿದರೆ ಬಡವರು ಕೋರ್ಟಿನ ಬಳಿಗೇ ಬರುವುದಿಲ್ಲ ಎಂಬ ಭಯ ಪ್ರಾಮಾಣಿಕವಾದದ್ದು. ಅದಕ್ಕಾಗಿಯೇ ನ್ಯಾಯಾಲಯ ಶುಲ್ಕ ಹೆಚ್ಚಿಸಿ ದಾವೆ ಕಡಿಮೆ ಮಾಡಿ ಎಂಬ ಸಲಹೆಯನ್ನು ನಾನು ವಿರೋಧಿಸುತ್ತೇನೆ. ಸ್ವಾಧೀನದಲ್ಲಿರುವವರ ಪಾಲಿನ ದಾವೆಗೆ ನಮ್ಮ 1958ರ ಕಾಯ್ದೆ ಬಹುಕಾಲ ಇಟ್ಟುಕೊಂಡು ಬಂದ ಇನ್ನೂರು ರೂಪಾಯಿಯ ಗರಿಷ್ಠ ಶುಲ್ಕ ಎಷ್ಟೋ ಹೆಣ್ಣುಮಕ್ಕಳಿಗೆ ಕೋರ್ಟಿನ ಬಾಗಿಲು ತೆರೆದಿದೆ. ಶುಲ್ಕ ಬೀಳುವುದು ಒಳಗೆ ಬರುವ ಎಲ್ಲರ ಮೇಲೆ, ಸತ್ಯವಂತನ ಮೇಲೂ. ಸುಳ್ಳಿಗೆ ವಿಧಿಸುವ ಖರ್ಚು ಬೀಳುವುದು ಸುಳ್ಳೆಂದು ಕಂಡುಬಂದ ಮೇಲೆ, ಸುಳ್ಳೆಂದು ತಿಳಿದೂ ಹೂಡಿದವನ ಮೇಲೆ ಮಾತ್ರ. 35ಎ ಕಲಮಿನ ಭಾಷೆಯಲ್ಲೇ ಆ ರಕ್ಷಣೆ ಇದೆ. ದಾವೆ ಸೋತದ್ದು ಸಾಲದು, ಹೂಡಿದವನಿಗೆ ಅದು ಸುಳ್ಳೆಂದು ತಿಳಿದಿರಬೇಕು, ಕೋರ್ಟು ಕಾರಣ ಬರೆಯಬೇಕು. ಇನ್ನು ಬಡವರು ಎಂದರೆ ವಾದಿಗಳು ಮಾತ್ರ ಎಂದು ಯಾರು ಹೇಳಿದರು? ಗಂಡನ ಹೆಸರಿನ ಮೂವತ್ತು ಗುಂಟೆಯನ್ನು ಮೈದುನರ ದಾವೆಯಿಂದ ಉಳಿಸಿಕೊಳ್ಳಲು ಬಸ್ಸು ಹಿಡಿದು ವಾಯಿದೆಗೆ ಬರುವವಳು ಪ್ರತಿವಾದಿ. ದಿನಗೂಲಿ ಕಳೆದುಕೊಂಡವಳೂ ಅವಳೇ.

ಹೊಟ್ಟೆಪಾಡಿನ ಮಾತನ್ನು ನೀವು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಅದು ನಿಜ. 2-3 ವರ್ಷದ ಅನುಭವದ ಕಿರಿಯ ವಕೀಲ, ಬಾಡಿಗೆಗೆ ಕೋಣೆ ಹಿಡಿದು ಕೂತವನು, ಬಂದ ಕಕ್ಷಿದಾರನನ್ನು ವಾಪಸು ಕಳಿಸಿದರೆ ಆತ ಎದುರಿನ ಕಟ್ಟಡದ ಮೆಟ್ಟಿಲು ಹತ್ತುತ್ತಾನೆ. ಒಬ್ಬೊಬ್ಬರೇ ಮಾಡಿದರೆ ಸೋಲುವ ಕೆಲಸ ಇದು. ಅದಕ್ಕೇ ಈ ಪತ್ರವನ್ನು ವಕೀಲರೊಬ್ಬರಿಗೆ ಬರೆಯದೆ ವಕೀಲ ಸಮುದಾಯಕ್ಕೆ ಬರೆದಿದ್ದೇನೆ. ತಾಲೂಕು ವಕೀಲರ ಸಂಘ ಒಂದು ಮಾತಿಗೆ ಬಂದರೆ ಕಿರಿಯನ ಬೆನ್ನಿಗೆ ಬಲ ಸಿಗುತ್ತದೆ. ಕಕ್ಷಿದಾರನಿಗೆ ‘ಇದನ್ನು ದಾವೆ ಮಾಡಬೇಡಿ, ಮಾತಾಡಿ ಬಗೆಹರಿಸೋಣ’ ಎಂದು ಹೇಳಿ ಅದಕ್ಕೂ ಫೀಜು ಪಡೆಯುವುದು ಮರ್ಯಾದೆಯ ಸಂಪಾದನೆಯೇ. ಬೆಂಗಳೂರಿನಲ್ಲಿ 2007ರಿಂದ ನಡೆಯುತ್ತಿರುವ ಮಧ್ಯಸ್ಥಿಕೆ ಕೇಂದ್ರದಲ್ಲಿ ಕುಳಿತು ಕುಟುಂಬಗಳನ್ನು ಒಂದುಗೂಡಿಸಿದವರು ನಿಮ್ಮವರೇ ಆದ ವಕೀಲರು.

ನಾನು ಕೇಳುತ್ತಿರುವುದು ಕೈಗೆಟುಕದ್ದೇನಲ್ಲ. ವಕಾಲತ್ತಿಗೆ ರುಜು ಪಡೆಯುವ ಮುಂಚೆ ಇಸಿ ಮತ್ತು ಮ್ಯುಟೇಶನ್ ನೋಡದೆ ಆಸ್ತಿಯ ದಾವೆ ಬರೆಯುವುದಿಲ್ಲ ಎಂಬ ರೂಢಿ ಮಾಡಿಕೊಳ್ಳಿ. ಪ್ರತಿವಾದಿಯ ಪರ ಇರುವಾಗ ತಕರಾರಿನಲ್ಲೇ ದಾವೆ ಸುಳ್ಳೆಂದು 35ಎ ಅಡಿ ಆಕ್ಷೇಪ ಎತ್ತಿ, ಅದನ್ನು ಶಿಷ್ಟಾಚಾರದ ಸಾಲಾಗಿ ಬಿಡದೆ ಕೊನೆಯವರೆಗೆ ಒತ್ತಿ ಹೇಳಿ. ದಾವೆ ವಾಪಸು ತೆಗೆದುಕೊಂಡಾಗಲೂ ಆ ಕಲಮು ಅನ್ವಯಿಸುತ್ತದೆ. ವಾಯಿದೆಗಳ ನಿಜವಾದ ಖರ್ಚಿನ ಲೆಕ್ಕವನ್ನು ಮೆಮೊ ಮಾಡಿ ಕೊಡಿ. ವಾಸ್ತವಿಕ ಖರ್ಚು ಕೊಡಿಸಬೇಕೆಂದು ಸುಪ್ರೀಂ ಕೋರ್ಟ್ 2005ರಲ್ಲೇ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಹೇಳಿದೆ. ಎದುರು ಪಕ್ಷದ ವಕೀಲರು ನಾಳೆ ನಮ್ಮ ಮಿತ್ರರು ಎಂಬ ದಾಕ್ಷಿಣ್ಯಕ್ಕೆ ಖರ್ಚಿನ ಮಾತು ಬಿಟ್ಟುಕೊಡುವ ಪದ್ಧತಿ ನಿಲ್ಲಲಿ. ಕಕ್ಷಿದಾರನ ಹಕ್ಕನ್ನು ಬಿಟ್ಟುಕೊಡುವ ದಾಕ್ಷಿಣ್ಯ ಅದು. ಮೂರು ಸಾವಿರದ ಮಿತಿಯನ್ನು ಏರಿಸಬೇಕೆಂದು ಕಾನೂನು ಆಯೋಗ 2012ರ ತನ್ನ 240ನೇ ವರದಿಯಲ್ಲಿ ಹೇಳಿದೆ. ಸಿವಿಲ್ ಪ್ರಕ್ರಿಯೆ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿರುವುದರಿಂದ ದೆಹಲಿಗೆ ಕಾಯದೆ, ರಾಷ್ಟ್ರಪತಿಗಳ ಅಂಕಿತ ಪಡೆದು ಕರ್ನಾಟಕದ ವಿಧಾನಮಂಡಲವೇ ಇದನ್ನು ತಿದ್ದಬಹುದು. ಹೆಣ್ಣುಮಕ್ಕಳ ಪಾಲಿನ ವಿಷಯದಲ್ಲಿ ದೇಶಕ್ಕಿಂತ ಹನ್ನೊಂದು ವರ್ಷ ಮೊದಲೇ ನಡೆದ ರಾಜ್ಯ ಇದು. ಆ ತಿದ್ದುಪಡಿ ಬೇಕೆಂದು ಒತ್ತಾಯಿಸುವ ಮೊದಲ ಠರಾವು ವಕೀಲರ ಸಂಘಗಳಿಂದ ಬಂದರೆ, ಜನ ಅದನ್ನು ಗಮನಿಸದೆ ಇರಲಾರರು.

ಬೇಸಿಗೆ ರಜೆ ಮುಗಿದು ಕೋರ್ಟುಗಳು ತೆರೆದ ಮೊದಲ ವಾರ ನಿಮ್ಮ ಸಂಘದ ಸಭೆಯಲ್ಲಿ ಈ ಒಂದು ವಿಷಯವನ್ನು ಚರ್ಚೆಗೆ ಇಡಿ. 1977ರ ಆ ತೀರ್ಪನ್ನು ಪೂರ್ತಿ, ಕೊನೆಯ ಪ್ಯಾರಾದವರೆಗೆ, ಗಟ್ಟಿಯಾಗಿ ಓದಿಸಿ. ಆಮೇಲೆ ನಿಮ್ಮ ಸಂಘದ ನಿರ್ಣಯವನ್ನು ನೋಟಿಸ್ ಬೋರ್ಡಿನಲ್ಲಿ ಹಾಕಿ. ವಾಯಿದೆಗಾಗಿ ಕಾಯುತ್ತ ಆವರಣದ ಮರದಡಿ ಕೂತ ಜನ ಅದನ್ನು ಓದಲಿ.

ಇತಿ,
ನ್ಯಾಯಾಲಯವನ್ನು ನಂಬಿರುವ ಒಬ್ಬ ನಾಗರಿಕ